ಮುದನೂರಿನ ದಾಸಿಮಯ್ಯ, ಸಂಗಮದ ಬಸವಣ್ಣ: ಹೋಲಿಸಿ ಬರೆಯುವ ಬಗೆ

ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಅಣೆಕಟ್ಟಿನ ಉದ್ದ ಹತ್ತು ಕಿಲೋಮೀಟರಿಗೂ ಹೆಚ್ಚು. 1982ರಲ್ಲಿ ಪೂರ್ಣಗೊಂಡ ಈ ಜಲಾಶಯದ ಹೆಸರು ಬಸವಸಾಗರ. ಇದರ ಹಿನ್ನೀರು ಮೇಲಕ್ಕೆ ಸರಿಯುತ್ತ ಕೃಷ್ಣೆ, ಮಲಪ್ರಭೆಗಳು ಕೂಡುವ ಕೂಡಲಸಂಗಮದವರೆಗೂ ಮುಟ್ಟುತ್ತದೆ. ಅಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಎತ್ತರದ ಗೋಡೆ ಎಬ್ಬಿಸಿ, ನೀರಿನ ನಡುವೆಯೇ ಅದನ್ನು ಕಾಪಾಡಿಕೊಳ್ಳಲಾಗಿದೆ. ಇತ್ತ ಎಡದಂಡೆಯ ಸುರಪುರ ಸೀಮೆಯಲ್ಲಿ, ಕೆಂಭಾವಿಯ ಕಡೆ ಮುದನೂರು ಎಂಬ ಊರಿದೆ. ಆದ್ಯ ವಚನಕಾರ ಎನಿಸಿಕೊಂಡ ದೇವರ ದಾಸಿಮಯ್ಯನವರ ಊರು ಅದು.

ಕನ್ನಡದ ಇಬ್ಬರು ವಚನಕಾರರ ನೆಲ ಹೀಗೆ ಒಂದೇ ಹೊಳೆಯ ಆಸುಪಾಸಿನಲ್ಲಿದೆ. ಈ ಭಾಗದ ಕಾಲೇಜುಗಳ ಕನ್ನಡ ತರಗತಿಯಲ್ಲಿ ‘ದಾಸಿಮಯ್ಯ ಮತ್ತು ಬಸವಣ್ಣನವರ ವಚನಗಳನ್ನು ಹೋಲಿಸಿ ಬರೆಯಿರಿ’ ಎಂಬ ಪ್ರಶ್ನೆ ಬಂದರೆ ಅಚ್ಚರಿಯೇನಿಲ್ಲ. ಅದಕ್ಕೆ ಬರುವ ಉತ್ತರಗಳ ರೂಪವನ್ನೂ ಊಹಿಸಬಹುದು. ಮೊದಲ ಎರಡು ಪುಟ ದಾಸಿಮಯ್ಯನವರ ಹುಟ್ಟೂರು, ಕಾಯಕ, ಹೆಂಡತಿ ದುಗ್ಗಳೆ, ಅಂಕಿತ ರಾಮನಾಥ. ಮುಂದಿನ ಎರಡು ಪುಟ ಬಸವಣ್ಣನವರ ಹುಟ್ಟೂರು, ಕಲ್ಯಾಣ, ಬಿಜ್ಜಳ, ಅಂಕಿತ ಕೂಡಲಸಂಗಮದೇವ. ಕೊನೆಗೆ ‘ಹೀಗೆ ಇಬ್ಬರೂ ಸಮಾಜದ ಕಣ್ಣು ತೆರೆಸಿದ ಮಹಾನ್ ಶರಣರು’ ಎಂಬ ಒಂದು ಸಾಲು.

ಅಲ್ಲಿ ಎರಡು ಪರಿಚಯ ಲೇಖನಗಳಿವೆ, ಹೋಲಿಕೆ ಇಲ್ಲ. ಬರೆದ ವಿದ್ಯಾರ್ಥಿಯನ್ನು ದೂರಿ ಪ್ರಯೋಜನವೂ ಇಲ್ಲ. ಹೋಲಿಕೆ ಎಂಬುದು ಏನನ್ನು ಕೇಳುತ್ತದೆ ಎಂದು ಯಾರೂ ಆತನಿಗೆ ಬಿಡಿಸಿ ಹೇಳಿರುವುದಿಲ್ಲ. ತೌಲನಿಕ ಪ್ರಬಂಧಕ್ಕೆ ಬೇಕಾದದ್ದು, ಒಂದೇ ಪಠ್ಯವನ್ನು ಎಷ್ಟು ಸಲ ಓದಿದರೂ ಉತ್ತರ ಸಿಗದ ಪ್ರಶ್ನೆ. ಇನ್ನೊಂದು ಪಠ್ಯವನ್ನು ಪಕ್ಕದಲ್ಲಿ ಇಟ್ಟಾಗ ಮಾತ್ರ ಅದು ಎದ್ದು ನಿಲ್ಲಬೇಕು. ಅಂಥ ಪ್ರಶ್ನೆ ಕೈಗೆ ಸಿಗುವ ತನಕ ಪೆನ್ನು ಹಿಡಿಯುವುದರಲ್ಲಿ ಅರ್ಥವಿಲ್ಲ.

ಈ ಬಗೆಯ ಓದು ಕನ್ನಡಕ್ಕೆ ಹೊಸದಲ್ಲ. ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದಾದ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವೇ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಕಾವ್ಯದ ಎರಡು ರೀತಿಗಳನ್ನು ಗುರುತಿಸಿ, ಒಂದೊಂದಕ್ಕೂ ಉದಾಹರಣೆ ಕೊಟ್ಟು ವ್ಯತ್ಯಾಸ ತೋರಿಸುತ್ತದೆ. ಯುರೋಪಿನಲ್ಲಿ ಗಯಟೆ ವಿಶ್ವಸಾಹಿತ್ಯದ ಮಾತೆತ್ತಿದ್ದು 1827ರಲ್ಲಿ. ಹಚಿಸನ್ ಪಾಸ್ನೆಟ್ ತೌಲನಿಕ ಸಾಹಿತ್ಯ ಎಂಬ ಹೆಸರಿನಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ತಂದದ್ದು 1886ರಲ್ಲಿ. ರವೀಂದ್ರನಾಥ ಠಾಕೂರರು 1907ರಲ್ಲಿ ಕಲ್ಕತ್ತೆಯಲ್ಲಿ ಇದೇ ವಿಷಯವಾಗಿ ಉಪನ್ಯಾಸ ಕೊಟ್ಟರು. 1956ರಲ್ಲಿ ಕವಿ ಬುದ್ಧದೇವ ಬಸು ಜಾದವಪುರ ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ವಿಭಾಗವನ್ನೇ ಕಟ್ಟಿದರು. ಈ ಹೆಸರುಗಳನ್ನೆಲ್ಲ ಪ್ರಬಂಧದ ಮೊದಲ ಪುಟದಲ್ಲಿ ಪೇರಿಸುವ ಚಾಳಿ ಎಂ.ಎ. ತರಗತಿಗಳಲ್ಲಿದೆ. ಅದರಿಂದ ದಾಸಿಮಯ್ಯನವರ ಒಂದು ವಚನವೂ ಹೆಚ್ಚು ಅರ್ಥವಾಗುವುದಿಲ್ಲ. ತಿಳಿದಿರಬೇಕಾದ ಸಂಗತಿಗಳು ಹೌದು, ಬರೆಯಲೇಬೇಕಾದವೇನಲ್ಲ.

ಮೊದಲ ಕೆಲಸ, ಎರಡು ಪಠ್ಯಗಳು ಯಾವ ನೆಲೆಯ ಮೇಲೆ ಒಟ್ಟಿಗೆ ನಿಲ್ಲಬಲ್ಲವು ಎಂದು ಹುಡುಕುವುದು. ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆ ಹೋಗುತ್ತದೆ. ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗದ ಕಡೆ. ನೀರು ಒಂದೇ ಆದ್ದರಿಂದಲೇ, ಯಾವ ಹೊಲದಲ್ಲಿ ಯಾವ ಬೆಳೆ ಏಕೆ ಬಂತು ಎಂದು ಎರಡೂ ದಂಡೆಗಳನ್ನು ಹಿಡಿದು ಕೇಳುವುದಕ್ಕೆ ಬರುತ್ತದೆ. ಸಾಹಿತ್ಯದಲ್ಲಿ ಈ ನೆಲೆ ಮೂರು ಬಗೆಯಲ್ಲಿ ಸಿಗುತ್ತದೆ. ಒಬ್ಬ ಲೇಖಕ ಇನ್ನೊಬ್ಬನನ್ನು ಓದಿ ಅಥವಾ ಕೇಳಿ ಬರೆದಿರಬಹುದು. ಇಬ್ಬರೂ ಒಂದೇ ಮೂಲಕಥೆಯನ್ನು ಎತ್ತಿಕೊಂಡಿರಬಹುದು. ಇಲ್ಲವೇ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲದೆಯೂ ಇಬ್ಬರನ್ನು ಒಂದೇ ಪ್ರಶ್ನೆ ಕಾಡಿರಬಹುದು.

ಮೊದಲ ಬಗೆಗೆ ಕನ್ನಡದಲ್ಲಿ ಸ್ಪಷ್ಟವಾದ ಉದಾಹರಣೆ ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’. 1929ರ ಈ ನಾಟಕ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಅಜಾಕ್ಸ್’ ನಾಟಕದ ಚೌಕಟ್ಟಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿತು. ಇಲ್ಲಿ ಸಂಬಂಧ ಇದೆಯೇ ಇಲ್ಲವೇ ಎಂದು ವಾದಿಸುವ ಅಗತ್ಯವಿಲ್ಲ. ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬದಲಿಸಿದರು, ಬದಲಿಸಿದ ಕಡೆ ನಾಟಕಕ್ಕೆ ಏನಾಯಿತು ಎಂಬುದೇ ಪ್ರಬಂಧದ ಹೂರಣ. ಎರಡನೆಯ ಬಗೆಗೆ ಪಂಪ, ರನ್ನ, ಕುಮಾರವ್ಯಾಸರಿದ್ದಾರೆ. ಮೂರನೆಯದಕ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೂ ಪ್ರೇಮಚಂದರ ‘ಗೋದಾನ್’ ಕಾದಂಬರಿಯನ್ನೂ ಜೊತೆಗಿಡಬಹುದು.

ದಾಸಿಮಯ್ಯ, ಬಸವಣ್ಣನವರ ಜೋಡಿ ಮೊದಲನೆಯ ಬಗೆಗೂ ಮೂರನೆಯ ಬಗೆಗೂ ಸೇರುತ್ತದೆ. ಬಸವಣ್ಣನವರು ತಮ್ಮ ವಚನಗಳಲ್ಲಿ ದಾಸಿಮಯ್ಯನವರನ್ನು ನೆನೆಯುತ್ತಾರೆ. ಆದ್ದರಿಂದ ಹಿರಿಯ ಶರಣನ ಹೆಸರು ಕಲ್ಯಾಣದವರೆಗೆ ತಲುಪಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹೆಸರು ತಲುಪುವುದು ಬೇರೆ, ಮಾತಿನ ರೀತಿ ತಲುಪುವುದು ಬೇರೆ. ಪ್ರಭಾವ ಎಂಬ ಪದವನ್ನು ಬರೆಯುವ ಮೊದಲು ಈ ಎರಡರ ನಡುವಿನ ಅಂತರವನ್ನು ಗಮನಿಸಬೇಕು.

ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳುವುದು ಮುಂದಿನ ಹೆಜ್ಜೆ. ಬಸವಣ್ಣನವರ ವಚನಗಳೇ ಸಾವಿರಕ್ಕೂ ಮಿಕ್ಕಿ ಇವೆ. ದಾಸಿಮಯ್ಯನವರವು ಇನ್ನೂರಕ್ಕೂ ಕಡಿಮೆ. ಇಷ್ಟನ್ನೂ ಐದಾರು ಪುಟದಲ್ಲಿ ಹೋಲಿಸುತ್ತೇನೆಂದು ಹೊರಟರೆ ಭಕ್ತಿ, ಕಾಯಕ, ಸಮಾನತೆ ಎಂಬ ದೊಡ್ಡ ಪದಗಳ ಮೇಲೆ ತೇಲಾಡಬೇಕಾಗುತ್ತದೆ. ಅದರ ಬದಲು ಒಂದೇ ಒಂದು ಸಂಗತಿಯನ್ನು ಹಿಡಿಯಬೇಕು. ಉದಾಹರಣೆಗೆ, ದೇಹ.

ದಾಸಿಮಯ್ಯನವರ ಒಂದು ಪ್ರಸಿದ್ಧ ವಚನದಲ್ಲಿ ಒಡಲು ಹೊತ್ತವನ ಕಷ್ಟ ಬರುತ್ತದೆ. ಒಡಲಿರುವವನಿಗೆ ಹಸಿವಾಗುತ್ತದೆ, ಆ ಒಡಲಿಗಾಗಿ ಅವನು ಸುಳ್ಳನ್ನೂ ಆಡುತ್ತಾನೆ. ಇದನ್ನು ಹೇಳಿ ಅವರು ದೇವರ ಕಡೆ ತಿರುಗುತ್ತಾರೆ: ನನ್ನನ್ನು ಹಳಿಯುವ ಮೊದಲು ನೀನೂ ಒಮ್ಮೆ ಒಡಲು ತೊಟ್ಟು ನೋಡು ಎಂಬ ಧಾಟಿಯಲ್ಲಿ. ಬಸವಣ್ಣನವರ ಅಷ್ಟೇ ಪ್ರಸಿದ್ಧವಾದ ವಚನ ಉಳ್ಳವರು ಕಟ್ಟಿಸುವ ಶಿವಾಲಯದಿಂದ ಶುರುವಾಗುತ್ತದೆ. ಬಡವನಿಗೆ ಗುಡಿ ಕಟ್ಟಿಸುವ ಶಕ್ತಿ ಇಲ್ಲ. ಆದರೆ ಅವನ ಕಾಲೇ ಕಂಬ, ದೇಹವೇ ದೇಗುಲ, ತಲೆಯೇ ಕಳಸ. ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬಲ್ಲಿಗೆ ಆ ವಚನ ಮುಟ್ಟುತ್ತದೆ.

ಈ ಎರಡನ್ನೂ ಬಿಡಿಬಿಡಿಯಾಗಿ ಎಲ್ಲರೂ ಓದಿರುತ್ತಾರೆ. ಜೊತೆಗಿಟ್ಟ ಕೂಡಲೇ ಬೇರೊಂದು ಕಾಣುತ್ತದೆ. ಇಬ್ಬರೂ ದೇಹವನ್ನು ದೇವರ ಮುಂದೆ ತಂದು ನಿಲ್ಲಿಸುತ್ತಾರೆ. ಇಬ್ಬರಿಗೂ ದೇಹ ನಾಚಿಕೆಯ ವಸ್ತುವಲ್ಲ. ಆದರೆ ದಾಸಿಮಯ್ಯನವರ ದೇಹ ಹಸಿದಿದೆ. ಅದಕ್ಕೆ ದೇವರ ಮೇಲೆ ತಕರಾರಿದೆ. ಬಸವಣ್ಣನವರ ದೇಹ ನೆಟ್ಟಗೆ ನಿಂತಿದೆ. ತಲೆಯಿಂದ ಪಾದದವರೆಗೆ ಅದೊಂದು ಕಟ್ಟಡ. ಒಬ್ಬರು ಮಾತಾಡುತ್ತಿರುವುದು ದೇವರ ಎದುರು ಮಾತ್ರ. ಇನ್ನೊಬ್ಬರು ದೇವರ ಜೊತೆ ಮಾತಾಡುತ್ತಿದ್ದರೂ ಪಕ್ಕದಲ್ಲಿ ಉಳ್ಳವರು ನಿಂತು ಕೇಳಿಸಿಕೊಳ್ಳುತ್ತಿದ್ದಾರೆ. ಇಷ್ಟು ಕಂಡ ಮೇಲೆ ಪ್ರಬಂಧದ ಮುಖ್ಯ ವಾಕ್ಯ ತಾನಾಗಿ ರೂಪುಗೊಳ್ಳುತ್ತದೆ: ‘ದೇಹವನ್ನು ಮುಂದಿಟ್ಟುಕೊಂಡು ದೇವರ ಜೊತೆ ಮಾತಾಡುವುದರಲ್ಲಿ ಇಬ್ಬರೂ ಒಂದೇ, ಆದರೆ ದಾಸಿಮಯ್ಯನವರಲ್ಲಿ ದೇಹ ಒಂದು ದೂರು, ಬಸವಣ್ಣನವರಲ್ಲಿ ಅದೇ ಒಂದು ಉತ್ತರ.’

ಈ ವಾಕ್ಯವನ್ನು ಯಾರಾದರೂ ಅಲ್ಲಗಳೆಯಬಹುದು, ಅದೇ ಅದರ ಗುಣ. ‘ಇಬ್ಬರೂ ಮಹಾನ್ ಶರಣರು’ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದ್ದರಿಂದ ಅದನ್ನು ಸಾಧಿಸಿ ತೋರಿಸುವ ಪ್ರಬಂಧಕ್ಕೆ ಕೆಲಸವೇ ಇರುವುದಿಲ್ಲ.

ಅಲ್ಲಗಳೆಯುವ ಮೊದಲಿಗ ಬರೆಯುವವನೇ ಆಗಬೇಕು. ತನ್ನ ಮಾತಿಗೆ ಒಗ್ಗದ ವಚನಗಳನ್ನು ಹುಡುಕಿ ತರಬೇಕು. ದಾಸಿಮಯ್ಯನವರದೇ ಇನ್ನೊಂದು ವಚನದಲ್ಲಿ ಇಳೆ, ಬೆಳೆ, ಸುಳಿಯುವ ಗಾಳಿ ಎಲ್ಲವೂ ದೇವರ ದಾನ. ಅದನ್ನು ಉಂಡು ಬೇರೆಯವರನ್ನು ಹೊಗಳುವವರ ಮೇಲೆ ಅವರಿಗೆ ಕೋಪ. ಅಲ್ಲಿ ದೇವರ ಮೇಲೆ ದೂರಿಲ್ಲ, ಋಣವಿದೆ. ಮತ್ತೊಂದು ವಚನದಲ್ಲಿ ಮೊಲೆ, ಮುಡಿ ಬಂದರೆ ಹೆಣ್ಣು, ಗಡ್ಡ, ಮೀಸೆ ಬಂದರೆ ಗಂಡು ಎಂದು ಜನ ಹೇಳುವುದನ್ನು ಹಿಡಿದುಕೊಂಡು, ಒಳಗಿರುವ ಆತ್ಮ ಎರಡೂ ಅಲ್ಲ ಎನ್ನುತ್ತಾರೆ. ಅಲ್ಲಿ ದೇಹ ದೂರೂ ಅಲ್ಲ, ಉತ್ತರವೂ ಅಲ್ಲ, ಬರೀ ಹೊರಗುರುತು. ಇತ್ತ ಬಸವಣ್ಣನವರಲ್ಲಿ ತಮ್ಮ ಮನಸ್ಸಿನ ಚಂಚಲತೆಯನ್ನು ತಾವೇ ಹಳಿದುಕೊಳ್ಳುವ ವಚನಗಳು ರಾಶಿ ಇವೆ. ನೆಟ್ಟಗೆ ನಿಂತ ಆ ದೇಗುಲದ ಒಳಗೆ ಕೊಂಬೆಯಿಂದ ಕೊಂಬೆಗೆ ಹಾರುವ ಮನಸ್ಸಿದೆ.

ಇವನ್ನೆಲ್ಲ ಮುಚ್ಚಿಟ್ಟು ಬರೆಯಬಹುದು. ಆದರೆ ಓದುಗರು ವಚನ ಬಲ್ಲವರಾದರೆ ಮೊದಲ ಪುಟದಲ್ಲೇ ಹಿಡಿದುಬಿಡುತ್ತಾರೆ. ಮುಂದಿಟ್ಟುಕೊಂಡರೆ ವಾದ ಮಾಗುತ್ತದೆ. ದಾಸಿಮಯ್ಯನವರಿಗೆ ಲೋಕವೆಲ್ಲ ದಾನವೇ. ತಕರಾರು ಏಳುವುದು ಹಸಿವಿನ ಜಾಗದಲ್ಲಿ ಮಾತ್ರ. ಬಸವಣ್ಣನವರ ದೇಹ ಉಳ್ಳವರ ಎದುರು ಗಟ್ಟಿಯಾಗಿ ನಿಲ್ಲುತ್ತದೆ. ಒಬ್ಬರೇ ಇದ್ದಾಗ ಅದರೊಳಗಿನ ಮನಸ್ಸು ಅಲುಗಾಡುತ್ತದೆ. ಮೊದಲ ವಾಕ್ಯಕ್ಕಿಂತ ಇದು ನಿಜಕ್ಕೆ ಹತ್ತಿರ. ಒಳ್ಳೆಯ ತೌಲನಿಕ ಪ್ರಬಂಧದಲ್ಲಿ ವಾದ ಹೊರಟ ಕಡೆಯೇ ಮುಗಿಯುವುದಿಲ್ಲ, ಎರಡು ಹೆಜ್ಜೆಯಾದರೂ ಸರಿದಿರುತ್ತದೆ.

ಏನು ಹೇಳಿದ್ದಾರೆ ಎಂಬುದನ್ನು ನೋಡಿದ ಮೇಲೆ ಹೇಗೆ ಹೇಳಿದ್ದಾರೆ ಎಂಬುದಕ್ಕೆ ಬರಬೇಕು. ಹೆಚ್ಚಿನ ಪ್ರಬಂಧಗಳು ಸೋಲುವುದು ಇಲ್ಲೇ. ದಾಸಿಮಯ್ಯನವರ ಆ ವಚನ ತೀರ ಚಿಕ್ಕದು. ಒಂದೇ ವಾಕ್ಯರಚನೆಯನ್ನು ಎರಡು ಸಲ ಬಳಸಿ, ಒಂದಕ್ಷರದ ವ್ಯತ್ಯಾಸದಲ್ಲಿ ಹಸಿವನ್ನೂ ಹುಸಿಯನ್ನೂ ಪಕ್ಕಪಕ್ಕ ಕೂರಿಸಿ, ಸವಾಲು ಹಾಕಿ ತಟ್ಟನೆ ನಿಂತುಬಿಡುತ್ತದೆ. ರಾಮನಾಥ ಎಂಬ ಅಂಕಿತ ಅಲ್ಲಿ ಎದುರಾಳಿಯನ್ನು ಹೆಸರು ಹಿಡಿದು ಕರೆದಂತೆ ಬರುತ್ತದೆ. ಬಸವಣ್ಣನವರ ವಚನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಉಳ್ಳವರು, ನಾನು, ಕಾಲು, ದೇಹ, ತಲೆ. ಅದು ಕಟ್ಟಡದ ಬಗ್ಗೆ ಹೇಳುತ್ತ ತಾನೇ ಒಂದು ಕಟ್ಟಡವಾಗಿದೆ. ಕೊನೆಯಲ್ಲಿ ಯಾರಿಗೂ ಅನ್ವಯಿಸುವ ಮಾತಾಗಿ ಬಿಚ್ಚಿಕೊಳ್ಳುತ್ತದೆ. ಸಭೆಯ ಮುಂದೆ ಹೇಳಬಹುದಾದ ಮಾತಿನ ಲಯ ಅದು. ದಾಸಿಮಯ್ಯನವರದು ಇಬ್ಬರ ನಡುವಿನ ಜಗಳದ ಲಯ. ದೂರು ಮತ್ತು ಉತ್ತರ ಎಂಬ ವಾದಕ್ಕೆ ನಿಜವಾದ ಸಾಕ್ಷಿ ಈ ಲಯದಲ್ಲೇ ಇದೆ.

ಇನ್ನು ಏಕೆ ಎಂಬ ಪ್ರಶ್ನೆ. ಇಲ್ಲಿ ಕೈ ತಡೆದು ಬರೆಯಬೇಕು. ದಾಸಿಮಯ್ಯ ನೇಕಾರರು, ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವರು. ಆದ್ದರಿಂದ ಒಬ್ಬರಿಗೆ ಹಸಿವು ಗೊತ್ತಿತ್ತು, ಇನ್ನೊಬ್ಬರಿಗೆ ಕಟ್ಟಡ ಗೊತ್ತಿತ್ತು ಎಂದು ಬರೆದುಬಿಡುವುದು ಬಹಳ ಸುಲಭ. ದಾಸಿಮಯ್ಯನವರ ಬದುಕಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ನಂತರದ ಶರಣಕಥೆಗಳಿಂದ ಬಂದದ್ದು. ಶಿವ ಕೊಟ್ಟ ತವನಿಧಿಯ (ಎಂದೂ ಬರಿದಾಗದ ನಿಧಿಯ) ಕಥೆ, ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲೆಗೆ ಉಪದೇಶ ಕೊಟ್ಟ ಕಥೆ ಎಲ್ಲ ಆ ಸಾಲಿನವು. ದೇವರ ದಾಸಿಮಯ್ಯ ಮತ್ತು ಜೇಡರ ದಾಸಿಮಯ್ಯ ಒಬ್ಬರೇ ಇಬ್ಬರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ. ಅಂಥ ನೆಲದ ಮೇಲೆ ‘ನೇಕಾರ, ಆದ್ದರಿಂದ’ ಎಂಬ ವಾಕ್ಯ ಕಟ್ಟಿದರೆ ನಿಲ್ಲುವುದು ಕಷ್ಟ. ಕಾಯಕವನ್ನು ಹೇಳಬಾರದೆಂದಲ್ಲ. ಅದು ವಿವರಣೆಗಳಲ್ಲಿ ಒಂದು ಎಂದು ಇಡಬೇಕು. ವಚನವೇ ಅದಕ್ಕೆ ಆಸರೆ ಕೊಡುತ್ತದೆಯೇ ಎಂದು ನೋಡಬೇಕು.

ಕಲ್ಯಾಣದಲ್ಲಿ ಶರಣರ ದೊಡ್ಡ ಕೂಟವಿತ್ತು, ಕೇಳುವ ಕಿವಿಗಳಿದ್ದವು ಎಂಬ ವಿವರಣೆ ಇದಕ್ಕಿಂತ ಗಟ್ಟಿ. ಯಾಕೆಂದರೆ ಬಸವಣ್ಣನವರ ವಚನದ ಲಯವೇ ಕೇಳುಗರ ಗುಂಪನ್ನು ಎದುರಿಗಿಟ್ಟುಕೊಂಡಿದೆ. ಸಾಕ್ಷಿ ಪಠ್ಯದೊಳಗಿದ್ದರೆ ಬದುಕಿನ ಸಂಗತಿ ಅದಕ್ಕೆ ಬಲ ಕೊಡುತ್ತದೆ. ಪಠ್ಯದೊಳಗೆ ಇಲ್ಲದ್ದನ್ನು ಬದುಕಿನಿಂದ ತಂದು ಅಂಟಿಸಲು ಬರುವುದಿಲ್ಲ.

ಪಠ್ಯ ಯಾವುದು ಎಂಬುದೂ ಸಣ್ಣ ಸಂಗತಿಯಲ್ಲ. ವಚನಗಳು ಹುಟ್ಟಿ ಶತಮಾನಗಳಾದ ಮೇಲೆ, ಹದಿನೈದನೇ ಶತಮಾನದ ವಿಜಯನಗರದ ಕಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ಸಂಕಲನಗೊಂಡವು. ಆಮೇಲೆ ಮಠ, ಮನೆಗಳ ತಾಡೋಲೆಗಳಲ್ಲಿ ಉಳಿದವನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. ಕರ್ನಾಟಕ ಸರ್ಕಾರ 15 ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ತಂದಿತು. ಒಂದೇ ವಚನಕ್ಕೆ ಪಾಠಾಂತರಗಳಿರುತ್ತವೆ. ಒಬ್ಬರ ವಚನವನ್ನು ಪರಿಷ್ಕೃತ ಸಂಪುಟದಿಂದ, ಇನ್ನೊಬ್ಬರದನ್ನು ಮೊಬೈಲಿನಲ್ಲಿ ಬಂದ ಚಿತ್ರದಿಂದ ಎತ್ತಿ ಪದಪದವನ್ನು ಹೋಲಿಸಿದರೆ, ಕಾಣುವ ವ್ಯತ್ಯಾಸ ಕವಿಗಳದ್ದೋ ನಕಲು ಮಾಡಿದವರದ್ದೋ ಹೇಳಲಾಗದು. ಇಬ್ಬರಿಗೂ ಒಂದೇ ಸಂಪಾದನೆಯನ್ನು ಬಳಸುವುದು ಕ್ಷೇಮ.

ಪ್ರಬಂಧದ ಕಟ್ಟು ಹೇಗಿರಬೇಕು? ಎರಡು ದಾರಿಗಳು ರೂಢಿಯಲ್ಲಿವೆ. ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಎಂಬುದು ಒಂದು. ಒಂದೊಂದು ಅಂಶವನ್ನು ಎತ್ತಿಕೊಂಡು ಅಲ್ಲಲ್ಲೇ ಇಬ್ಬರನ್ನೂ ನೋಡುವುದು ಇನ್ನೊಂದು. ಮೂರು ಪುಟದೊಳಗಿನ ಉತ್ತರಕ್ಕೆ ಮೊದಲನೆಯದು ಸಾಕಾದೀತು. ಆಗಲೂ ಎರಡನೆಯ ಭಾಗದ ಪ್ರತಿ ಪ್ಯಾರಾ ಮೊದಲ ಭಾಗವನ್ನು ಹೆಸರಿಸುತ್ತ ಹೋಗಬೇಕು. ಅದಕ್ಕಿಂತ ಉದ್ದವಾದರೆ ಎರಡನೆಯ ದಾರಿಯೇ ಸರಿ. ಪರೀಕ್ಷಿಸಲು ಸುಲಭ ಉಪಾಯವಿದೆ. ಬರೆದು ಮುಗಿಸಿದ ಮೇಲೆ ಯಾವುದಾದರೂ ಒಂದು ಪ್ಯಾರಾದಲ್ಲಿ ಒಬ್ಬರ ಹೆಸರು ಮಾತ್ರ ಇದ್ದರೆ, ಅದು ಹೋಲಿಕೆಗೆ ಏನು ಕೊಡುತ್ತಿದೆ ಎಂದು ಕೇಳಿಕೊಳ್ಳಬೇಕು. ಉತ್ತರ ಹೊಳೆಯದಿದ್ದರೆ ಆ ಪ್ಯಾರಾ ಹೋಗಬೇಕು. ಹುಟ್ಟೂರು, ತಂದೆ ತಾಯಿಯ ಹೆಸರು ಹೆಚ್ಚಾಗಿ ಇಲ್ಲೇ ಉದುರಿಹೋಗುತ್ತವೆ.

ಇಬ್ಬರಿಗೂ ಸಮಸಮ ಜಾಗ ಕೊಡಬೇಕೆಂಬ ನಿಯಮವೇನೂ ಇಲ್ಲ. ಕಡಿಮೆ ಓದಿಗೆ ಬಿದ್ದ ದಾಸಿಮಯ್ಯನವರಿಗೆ ಹೆಚ್ಚು ಜಾಗ ಕೊಟ್ಟು, ಎಲ್ಲರಿಗೂ ಗೊತ್ತಿರುವ ಬಸವಣ್ಣನವರನ್ನು ಬೆಳಕಿಗಾಗಿ ಪಕ್ಕದಲ್ಲಿಟ್ಟುಕೊಂಡರೆ ತಪ್ಪಿಲ್ಲ. ಹಾಗೆ ಮಾಡುತ್ತಿದ್ದೇನೆಂದು ಆರಂಭದಲ್ಲೇ ಹೇಳಿದರಾಯಿತು.

ಕನ್ನಡದ ಹೋಲಿಕೆಗಳಿಗೆ ಅಂಟಿದ ಹಳೆಯ ರೋಗವೊಂದಿದೆ: ಯಾರು ದೊಡ್ಡವರು ಎಂದು ತೀರ್ಪು ಕೊಡುವುದು. ಪಂಪ ದೊಡ್ಡವನೋ ಕುಮಾರವ್ಯಾಸನೋ ಎಂದು ತಲೆಮಾರುಗಳೇ ವಾದಿಸಿವೆ. ಆ ವಾದದಿಂದ ಅಭಿಮಾನ ಬೆಳೆದಿದೆ, ಓದು ಬೆಳೆದದ್ದು ಕಡಿಮೆ. ಬೇರೆ ಪ್ರಶ್ನೆ ಕೇಳಿದರೆ ಅದೇ ಕವಿಗಳು ಹೊಸದಾಗಿ ತೆರೆದುಕೊಳ್ಳುತ್ತಾರೆ. ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದಾಗಿಸಿದ. ರನ್ನ ‘ಗದಾಯುದ್ಧ’ದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನ ಜೊತೆ ಒಂದಾಗಿಸಿದ. ಕುಮಾರವ್ಯಾಸನಿಗೆ ಅಂಥ ದೊರೆ ಇಲ್ಲ. ಗದುಗಿನ ವೀರನಾರಾಯಣನ ಮುಂದೆ ಕುಳಿತು ಬರೆದ ಅವನ ಕಥೆಯ ನಡುವೆ ಕೃಷ್ಣನಿದ್ದಾನೆ. ಹಾಗಾದರೆ ಭೀಮನನ್ನೇ ನಾಯಕ ಮಾಡಿಕೊಂಡ ರನ್ನನ ಕೈಯಲ್ಲಿ, ಭೀಮನ ಶತ್ರು ದುರ್ಯೋಧನ ಅಷ್ಟು ಎತ್ತರಕ್ಕೆ ಬೆಳೆದದ್ದು ಹೇಗೆ? ಇದು ಪಂಪನನ್ನು ಪಕ್ಕದಲ್ಲಿಟ್ಟರೆ ಮಾತ್ರ ಹರಿತವಾಗುವ ಪ್ರಶ್ನೆ. ಪಂಪನಲ್ಲೂ ಎದುರು ಪಾಳಯದ ಕರ್ಣ ಕವಿಯ ಮನಸ್ಸನ್ನು ಗೆದ್ದಿದ್ದಾನೆ. ದೊರೆಯ ಹೊಗಳಿಕೆಗೆ ಒಪ್ಪಿಕೊಂಡ ಇಬ್ಬರು ಕವಿಗಳೂ ದೊರೆಯ ಎದುರಾಳಿಯ ಪಾಳಯದಲ್ಲೇ ತಮ್ಮ ದೊಡ್ಡ ಪಾತ್ರಗಳನ್ನು ಕಂಡುಕೊಂಡರು ಎಂಬುದು ತೀರ್ಪಿಗಿಂತ ಎಷ್ಟೋ ಹೆಚ್ಚು ಯೋಚನೆ ಕೊಡುವ ಸಂಗತಿ.

ಷಟ್ಪದಿಯ ಕಡೆಗೆ ಬಂದರೆ, ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು ಕಡೂರು ಬಳಿಯ ದೇವನೂರು ಎಂದು ಬಹುಮಂದಿ ಒಪ್ಪಿದರೂ, ಸುರಪುರ ಸೀಮೆಯವನೆಂಬ ವಾದವೂ ಇದೆ. ಊರಿನ ಅಭಿಮಾನಕ್ಕೆ ಸಿಲುಕದೆ, ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೂ ಲಕ್ಷ್ಮೀಶನ ವಾರ್ಧಕ ಷಟ್ಪದಿಯನ್ನೂ ಗಟ್ಟಿಯಾಗಿ ಓದಿಕೊಂಡು, ಯುದ್ಧದ ವರ್ಣನೆಯೊಂದನ್ನು ಎರಡೂ ಕಡೆ ಹಿಡಿದು ನೋಡಿದರೆ ಒಂದು ಅಚ್ಚುಕಟ್ಟಾದ ಪ್ರಬಂಧಕ್ಕೆ ಸಾಕಷ್ಟು ಸಾಮಗ್ರಿ ಸಿಗುತ್ತದೆ.

ಬೇರೆ ಭಾಷೆಯ ಕೃತಿಯನ್ನು ತಂದು ಕೂರಿಸುವಾಗ ಹೋಲಿಕೆಯ ಲಾಭ ಇನ್ನೂ ದೊಡ್ಡದು. ‘ಚೋಮನ ದುಡಿ’ 1933ರದು, ‘ಗೋದಾನ್’ 1936ರದು. ಚೋಮನ ಬಳಿ ಎತ್ತುಗಳಿವೆ, ಉಳಲು ಹೊಲವಿಲ್ಲ. ಹೊಲೆಯನಾದ ಅವನಿಗೆ ಒಡೆಯರು ಬೇಸಾಯಕ್ಕೆ ಭೂಮಿ ಕೊಡುವುದಿಲ್ಲ. ಅವಧ ಸೀಮೆಯ ಹೋರಿಯ ಬಳಿ ಚೂರು ಹೊಲವಿದೆ. ಮನೆ ಮುಂದೆ ಒಂದು ಹಸು ಕಟ್ಟಬೇಕೆಂಬುದು ಅವನ ಆಸೆ. ಇಬ್ಬರ ಆಸೆಯೂ ತೀರುವುದಿಲ್ಲ, ಇಬ್ಬರೂ ಸಾಯುತ್ತಾರೆ. ‘ಬಡ ರೈತರ ಬವಣೆ’ ಎಂದು ಎರಡನ್ನೂ ಒಂದೇ ತಲೆಬರಹದ ಅಡಿ ಹಾಕಿದರೆ ಹೋಲಿಕೆ ಅಲ್ಲೇ ಸತ್ತಿತು. ಹೋರಿಯನ್ನು ಕೊಲ್ಲುವುದು ಸಾಲ ಮತ್ತು ಮರ್ಯಾದೆಯ ಭಾರ. ಊರಿನ ಪಂಚಾಯ್ತಿಯ ದಂಡವನ್ನೂ ಅವನು ತಲೆಬಾಗಿ ತೆರುತ್ತಾನೆ, ಯಾಕೆಂದರೆ ಆ ಊರಿನೊಳಗೆ ಅವನಿಗೊಂದು ಜಾಗವಿದೆ. ಚೋಮನಿಗೆ ಆ ಜಾಗವೇ ಇಲ್ಲ. ಹೋರಿಯ ಸಾವಿನ ಹೊತ್ತಿಗೆ ಹೆಂಡತಿ ಧನಿಯಾ ಕೈಯಲ್ಲಿದ್ದ ಚಿಲ್ಲರೆಯನ್ನೇ ಗೋದಾನವೆಂದು ಕೊಡುತ್ತಾಳೆ. ಅಲ್ಲಿ ಪುರೋಹಿತನಿದ್ದಾನೆ, ವಿಧಿಯಿದೆ. ಚೋಮ ಎತ್ತುಗಳನ್ನು ಬಿಟ್ಟುಬಿಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಸಮಾಜದ ಒಳಗಿದ್ದು ಅದರ ಭಾರಕ್ಕೆ ಕುಸಿಯುವುದು, ಬಾಗಿಲ ಹೊರಗೇ ನಿಂತು ಮುಗಿದುಹೋಗುವುದು, ಇವೆರಡೂ ಒಂದೇ ಬಗೆಯ ದುಃಖವಲ್ಲ. ‘ಚೋಮನ ದುಡಿ’ಯನ್ನು ಬರೀ ಬಡತನದ ಕಥೆಯೆಂದು ಓದಿದವರಿಗೆ, ‘ಗೋದಾನ್’ ಪಕ್ಕಕ್ಕೆ ಬಂದಾಗ ಜಾತಿಯ ಗೋಡೆ ಎಷ್ಟು ದಪ್ಪ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಪ್ರಕಾರಗಳೇ ಬೇರೆಯಾದಾಗ ಎಚ್ಚರ ಇನ್ನಷ್ಟು ಬೇಕು. ಸುರಪುರವೇ ಇದಕ್ಕೆ ಒಳ್ಳೆಯ ನಿದರ್ಶನ ಒದಗಿಸುತ್ತದೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ವರ್ಷಗಟ್ಟಲೆ ಸಂಸ್ಥಾನದ ಆಡಳಿತ ನೋಡಿದ ಅಧಿಕಾರಿ. ಇಂಗ್ಲಿಷ್ ಕಾದಂಬರಿಕಾರನೂ ಹೌದು. ಅವನ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಕಾದಂಬರಿಗಳು 1657, 1757, 1857 ಎಂದು ನೂರು ನೂರು ವರ್ಷದ ಅಂತರದಲ್ಲಿ ನಡೆಯುವ ಕಥೆಗಳು. 1858ರಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಸೆರೆಯಾದ ಯುವ ರಾಜ ಅದೇ ವರ್ಷ ಗುಂಡಿಗೆ ಬಲಿಯಾದ. ಟೇಲರನ ಸಾವಿನ ನಂತರ 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ ಆ ರಾಜನ ಬಾಲ್ಯ, ಅವನು ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದುದು, ಜಾತಕದಲ್ಲಿ ಬರೆದಿದ್ದ ಅಲ್ಪಾಯುಷ್ಯ, ಸೆರೆಮನೆಯ ಭೇಟಿ ಎಲ್ಲ ಬರುತ್ತವೆ. ಪ್ರೀತಿ ಇದೆ, ದುಃಖವೂ ಇದೆ. ಆದರೆ ದಂಗೆಗೆ ಅಲ್ಲಿ ಕಾರಣ ರಾಜನ ದುಡುಕು, ಕೆಟ್ಟ ಸಹವಾಸ. ಕಂಪನಿ ಸರ್ಕಾರ ಇಲ್ಲೇಕೆ ಇತ್ತು ಎಂಬ ಪ್ರಶ್ನೆ ಏಳುವುದಿಲ್ಲ.

ಇದರ ಪಕ್ಕದಲ್ಲಿ ಹಲಗಲಿಯ ಲಾವಣಿಯನ್ನು ಇಡಬಹುದು. ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಅದನ್ನು ಓದಿದವರು ಬಹಳ ಮಂದಿ. ಆಯುಧ ಒಪ್ಪಿಸಬೇಕೆಂಬ ಕಾಯ್ದೆಯ ವಿರುದ್ಧ 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದ ಕಥೆ ಅದು. ಜಾನ್ ಫೇಥ್‌ಫುಲ್ ಫ್ಲೀಟ್ ಸಂಗ್ರಹಿಸಿ ಹೊರತಂದ ಲಾವಣಿಗಳಲ್ಲಿ ಒಂದು. ಸುರಪುರದ ಅರಸರೂ ಬೇಡ ನಾಯಕರೇ. ಕಾಲ ಒಂದು, ಸಮುದಾಯ ಒಂದು, ಎದುರಾಳಿ ಒಬ್ಬನೇ. ಆದರೂ ಟೇಲರ್ ಸುಳ್ಳ, ಲಾವಣಿಕಾರ ಸತ್ಯವಂತ ಎಂದು ಬರೆದರೆ ಪ್ರಬಂಧ ಕೆಡುತ್ತದೆ. ತಿರುಗಿಸಿ ಬರೆದರೂ ಅಷ್ಟೇ. ಆತ್ಮಕಥೆ ಬರೆಯುವ ‘ನಾನು’ ತನ್ನ ನಡತೆಗೆ ಸಮಜಾಯಿಷಿ ಕೊಡಲೇಬೇಕು. ಲಾವಣಿ ಹಾಡುವವನ ಮುಂದೆ ಸೋತ ಊರಿನ ಜನ ಕುಳಿತಿದ್ದಾರೆ. ಸತ್ತವರ ಹೆಸರನ್ನು ಅವನು ಕೂಗಿ ಹೇಳಲೇಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇಂಥದು: ಒಂದೇ ಬಗೆಯ ಸೋಲನ್ನು ಹೇಳುವಾಗ ಯಾರ ಹೆಸರು ಎಲ್ಲಿ ಬರುತ್ತದೆ, ಯಾರು ಹೆಸರಿಲ್ಲದೆ ಬರೀ ‘ಗುಂಪು’ ಆಗಿ ಉಳಿಯುತ್ತಾರೆ? ಎರಡೂ ಪಠ್ಯಗಳನ್ನು ಮುಂದಿಟ್ಟುಕೊಂಡು ಹೆಸರುಗಳಿಗೆ ಗೆರೆ ಎಳೆಯುತ್ತ ಹೋದರೆ, ಬರೆಯಬೇಕಾದದ್ದು ಅರ್ಧ ಗಂಟೆಯಲ್ಲಿ ಕಾಣತೊಡಗುತ್ತದೆ.

ಈ ಗೆರೆ ಎಳೆಯುವ ಕೆಲಸವೇ ಹೋಲಿಕೆಯ ನಿಜವಾದ ತಯಾರಿ. ಒಂದು ಹಾಳೆಯನ್ನು ನಡುವೆ ಮಡಚಿ, ಎಡಕ್ಕೆ ಒಂದು ಪಠ್ಯದ ಮಾತು, ಬಲಕ್ಕೆ ಇನ್ನೊಂದರ ಮಾತು ಬರೆದುಕೊಳ್ಳಬೇಕು: ಯಾರು ಯಾರಿಗೆ ಮಾತಾಡುತ್ತಿದ್ದಾರೆ, ಯಾವ ವಸ್ತುಗಳು ಬಂದಿವೆ, ಮಾತು ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ. ಒಂದು ಬದಿಯಲ್ಲಿ ಖಾಲಿ ಉಳಿದ ಜಾಗಗಳನ್ನು ವಿಶೇಷವಾಗಿ ನೋಡಬೇಕು. ಬಸವಣ್ಣನವರ ದೇಗುಲದ ವಚನದಲ್ಲಿ ಹಸಿವು ಇಲ್ಲ. ದಾಸಿಮಯ್ಯನವರ ಒಡಲಿನ ವಚನದಲ್ಲಿ ಉಳ್ಳವರು ಇಲ್ಲ. ಇಲ್ಲದ್ದು ಕಾಣುವುದು ಪಕ್ಕದಲ್ಲಿ ಇನ್ನೊಂದು ಇರುವುದರಿಂದಲೇ.

ನಾರಾಯಣಪುರದ ಸುತ್ತ ಹೀಗೆ ಕೈಗೆತ್ತಿಕೊಳ್ಳಬಹುದಾದ ಇನ್ನೊಂದು ಜೋಡಿಯಿದೆ. ಹತ್ತಿರದ ಕೊಡೇಕಲ್ಲಿನ ಬಸವಣ್ಣ ಕಾಲಜ್ಞಾನದ ವಚನಗಳಿಗೆ ಹೆಸರಾದವರು. ಆ ಪರಂಪರೆಯ ತಾಡೋಲೆಗಳು ಅಮರಗನ್ನಡ ಎಂಬ ಗುಪ್ತ ಲಿಪಿಯಲ್ಲಿವೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ಕ್ಷೇತ್ರವಿದೆ. ಹಿಂದೂಗಳ ಮೌನೇಶ್ವರ, ಮುಸ್ಲಿಮರ ಮೌನುದ್ದೀನ್. ಕೊಡೇಕಲ್ಲಿನಲ್ಲೂ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ‘ಇಬ್ಬರೂ ಭಾವೈಕ್ಯದ ಹರಿಕಾರರು’ ಎಂಬ ಸಾಲು ಭಾಷಣಗಳಲ್ಲಿ ಸಿದ್ಧವಾಗಿ ಸಿಗುತ್ತದೆ, ಅದನ್ನು ಬಿಟ್ಟು ಮುಂದೆ ಹೋಗಬೇಕು. ಕಾಲಜ್ಞಾನ ಮುಂದೆ ಬರಲಿರುವ ಕಾಲದ ಕಡೆ ಮುಖ ಮಾಡಿದ ಮಾತು, ಅದೂ ಎಲ್ಲರೂ ಓದಲಾಗದ ಲಿಪಿಯಲ್ಲಿ ಬರೆದಿಟ್ಟದ್ದು. ತಿಂಥಣಿಯ ಭಕ್ತಿ ಜಾತ್ರೆಯಲ್ಲಿ ನೆರೆದವರೆಲ್ಲ ಕೂಡಿ ಗಟ್ಟಿಯಾಗಿ ಕೂಗುವ ಘೋಷದಲ್ಲಿದೆ. ಒಂದೇ ಸೀಮೆಯಲ್ಲಿ ಎರಡು ಧರ್ಮದ ಜನರನ್ನು ಸೇರಿಸಿದ ಮಾತು ಒಂದು ಕಡೆ ಮುಚ್ಚಿಟ್ಟ ಓಲೆಯಾಗಿ, ಇನ್ನೊಂದು ಕಡೆ ಬಯಲಿನ ಕೂಗಾಗಿ ಉಳಿದದ್ದು ಹೇಗೆ ಎಂಬಲ್ಲಿಂದ ಹುಣಸಗಿಯದೋ ಸುರಪುರದ್ದೋ ಒಬ್ಬ ವಿದ್ಯಾರ್ಥಿ ಶುರು ಮಾಡಬಹುದು. ಮೊದಲು ಅಚ್ಚಾಗಿರುವ ಪಠ್ಯಗಳನ್ನು ತಂದು, ಹಾಳೆಯನ್ನು ಎರಡಾಗಿ ಮಡಚಿಕೊಳ್ಳಬೇಕು. ಆಮೇಲೆ ಕೊಡೇಕಲ್ಲಿಗೂ ತಿಂಥಣಿಗೂ ಹೋಗಿ ಅಲ್ಲಿ ಓದುವವರ, ಹಾಡುವವರ ಬಾಯಿಂದಲೇ ಅವನ್ನು ಕೇಳಿ ಬರಬೇಕು.